ಗೀಟು ಎಳೆದ ಸಾಲು

2025ರ ಸೆಪ್ಟೆಂಬರಿನಲ್ಲಿ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಒಂದು ಸುದ್ದಿ ಬಂತು. ಅಂಚೆ ಡಬ್ಬಿಗಳನ್ನೆಲ್ಲ ಕಿತ್ತು ಹಾಕುತ್ತಾರಂತೆ, ಇನ್ನು ಮೇಲೆ ಯಾರೂ ಪತ್ರ ಹಾಕುವ ಹಾಗಿಲ್ಲವಂತೆ. ಅದರ ಕೆಳಗೆ ಸಾಲುಸಾಲು ಅಳುವ ಮುಖಗಳು. ಹಾಗೆ ಅತ್ತವರ ಪೈಕಿ ಕಳೆದ ಹದಿನೈದು ವರ್ಷದಲ್ಲಿ ಒಂದೇ ಒಂದು ಕಾರ್ಡು ಬರೆದವರು ಯಾರೂ ಇರಲಿಲ್ಲ. ನಾನೂ ಬರೆದಿರಲಿಲ್ಲ, ಆದರೂ ಒಂದು ಅಳುವ ಮುಖ ಒತ್ತಿದ್ದೆ. ಸುದ್ದಿಯೇನೋ ಸುಳ್ಳು. ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಲು ಹೊರಟಿದ್ದರು, ಅಷ್ಟೇ. ಡಬ್ಬಿ ನಮ್ಮ ಓಣಿಯ ತಿರುವಿನಲ್ಲಿ ಮೊದಲಿನ ಹಾಗೇ ನಿಂತಿತ್ತು. ಅದರ ಬಾಯಿಗೆ ಒಂದು ಜೇಡ ಬಲೆ ಕಟ್ಟಿತ್ತು. ಆ ಬಲೆ ನೋಡಿದ ಮೇಲೆ ನನಗೆ ಸುಮ್ಮನಿರಲಿಕ್ಕೆ ಆಗಲಿಲ್ಲ. ಡಬ್ಬಿ ಇರಲಿ ಎಂದು ಅಳುವುದು, ಅದರೊಳಗೆ ಏನೂ ಹಾಕದಿರುವುದು, ಇದು ಎಂಥ ನ್ಯಾಯ?

ಇನ್ನೊಂದು ಕಾರಣವೂ ಇತ್ತು. ಬಾಗಲಕೋಟೆಯಲ್ಲಿರುವ ನಮ್ಮ ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಕಿವಿ ಪೂರ್ತಿ ಮಂದವಾಗಿವೆ. ಫೋನ್ ಹಚ್ಚಿದರೆ ನಾನು ವಿಜಯಪುರದಲ್ಲಿ ಒದರಿದ್ದು ನಮ್ಮ ಮಗ್ಗುಲ ಮನೆಯವರಿಗೆ ಕೇಳುತ್ತದೆ, ಅತ್ತೆಗೆ ಕೇಳುವುದಿಲ್ಲ. "ಆರಾಮ ಅದೀಯಿಲ್ಲೋ? ಹಾಂ, ಇಡ್ಲ್ಯಾ?" ಎಂದು ತಾವೇ ಕೇಳಿ, ತಾವೇ ಉತ್ತರ ಕೊಟ್ಟುಕೊಂಡು ಇಟ್ಟುಬಿಡುತ್ತಾರೆ. ಕಣ್ಣು ಮಾತ್ರ ಇನ್ನೂ ಚುರುಕು. ಈಗಲೂ ಕನ್ನಡಕ ಇಲ್ಲದೆ ಸೂಜಿಗೆ ದಾರ ಪೋಣಿಸುತ್ತಾರೆ. ಹೀಗಿರುವಾಗ ಕಾಗದ ಬರೆಯುವುದು ಬಿಟ್ಟು ಮೂರು ವರ್ಷ ಫೋನಿನಲ್ಲಿ ಯಾಕೆ ಒದರಿದೆನೋ ನನಗೇ ಗೊತ್ತಿಲ್ಲ.

ಪೋಸ್ಟಿಗೆ ಹೋಗಿ ಹತ್ತು ಅಂತರ್ದೇಶಿ, ಅಂದರೆ ಮಡಚಿ ಅಂಟಿಸುವ ನೀಲಿ ಇನ್‌ಲ್ಯಾಂಡ್ ಲೆಟರು, ಕೊಡಿ ಎಂದೆ. ಕೌಂಟರಿನ ಹುಡುಗ ನನ್ನನ್ನೊಮ್ಮೆ ನೋಡಿ, "ಶಾಲಿ ಪ್ರಾಜೆಕ್ಟಿಗೇನ್ರೀ ಅಕ್ಕಾರ?" ಎಂದ. ಅಂಚೆ ಇಲಾಖೆ ಪ್ರತಿ ವರ್ಷ ನಡೆಸುವ 'ಢಾಯಿ ಆಖರ್' ಪತ್ರ ಸ್ಪರ್ಧೆಯ ಹೊತ್ತಿಗೆ ಶಾಲೆಯ ಮಕ್ಕಳು ಬಂದು ಒಯ್ಯುತ್ತಾರಂತೆ, ಉಳಿದ ದಿನ ಕೇಳುವವರು ಕಡಿಮೆಯಂತೆ. ಎರಡು ಖಾನೆ ಹುಡುಕಿ, ರಬ್ಬರು ಹಚ್ಚಿದ ಒಂದು ಕಟ್ಟು ತೆಗೆದ. ಒಂದಕ್ಕೆ ಎರಡೂವರೆ ರೂಪಾಯಿಯಂತೆ 25 ರೂಪಾಯಿ. ಜೊತೆಗೆ ಹತ್ತು ಕಾರ್ಡು, 5 ರೂಪಾಯಿ. ಮೂವತ್ತು ರೂಪಾಯಿಗೆ ಇಪ್ಪತ್ತು ಸಲ ಮಾತಾಡುವಷ್ಟು ಸಾಮಾನು ಕೈಗೆ ಬಂತು. ಚಂದದ್ದೊಂದು ಟಿಕೀಟು ಇದ್ದರೆ ಕೊಡಿ ಎಂದೂ ಕೇಳಿದೆ. ನಮ್ಮ ಗೋಳಗುಮ್ಮಟವೇ ಒಂದು ಕಾಲಕ್ಕೆ ಟಿಕೀಟಿನ ಮೇಲೆ ಕೂತು ದೇಶ ತಿರುಗಿತ್ತು. 1949ರ ಆಗಸ್ಟ್ 15ಕ್ಕೆ ಬಂದ ಸರಣಿಯಲ್ಲಿ 6 ಆಣೆಯ ಟಿಕೀಟು ಅದರದ್ದು. ಹುಡುಗನಿಗೆ ಇದನ್ನು ಹೇಳಿದೆ. "ಹೌದೇನ್ರೀ?" ಎಂದು ಹಿಂದೆ ನಿಂತವರ ಆಧಾರ್ ಕಾರ್ಡಿಗೆ ಕೈ ಚಾಚಿದ.

ಮನೆಗೆ ಬಂದು ಬರೆಯಲಿಕ್ಕೆ ಕೂತರೆ ಕೈ ಏಳಲಿಲ್ಲ. ಸುಮ್ಮನೆ ಹೇಳುವ ಮಾತಲ್ಲ, ನಿಜವಾಗಿಯೂ ಅರ್ಧ ಪುಟಕ್ಕೆ ಹೆಬ್ಬೆರಳಿನ ಬುಡ ಹಿಡಿದುಕೊಂಡಿತು. ಅದಕ್ಕಿಂತ ಮೊದಲಿನ ತೊಡಕು ಮೇಲಿನ ಒಕ್ಕಣೆಯದು. ಅಪ್ಪನಿಗಾದರೆ 'ತೀರ್ಥರೂಪ', ಅವ್ವನಿಗಾದರೆ 'ಮಾತೋಶ್ರೀ', ಸಣ್ಣವರಿಗೆ 'ಚಿ.', ಅತ್ತೆಗೆ ಏನು? ನಮ್ಮ ಕಡೆ ಮುತ್ತೈದೆಯ ಹೆಸರಿನ ಮುಂದೆ 'ಸೌ.' ಬರೆಯುತ್ತಿದ್ದರು. ಮಾವ ತೀರಿದ ಮೇಲೆ ಬಂದ ಕಾಗದಗಳಲ್ಲಿ ಅದು ಹೋಗಿ 'ಗಂ. ಭಾ.' ಆಯಿತು, ಗಂಗಾ ಭಾಗೀರಥಿ. ಎಷ್ಟು ಪವಿತ್ರ ಹೆಸರು ನೋಡಿ! ಗಂಡ ಸತ್ತದ್ದನ್ನು ಪಾಕೀಟಿನ ಮೇಲೆಯೇ ಬರೆದು ಊರಿಗೆಲ್ಲ ತೋರಿಸುತ್ತ ಒಯ್ಯುವ ಪದ್ಧತಿ. ಹಳೆಯ ಕಾಗದದ ಬಗ್ಗೆ ಬರೆಯುವವರು ಇಂಥದ್ದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನಾನು 'ಪ್ರೀತಿಯ ಅತ್ತೆಗೆ' ಎಂದು ಬರೆದೆ. ಬರೆದದ್ದು ಸಿನಿಮಾದ ಹಾಗೆ ಕಂಡಿತು. ಅದಕ್ಕೆ ಗೀಟು ಎಳೆದು ಬರೀ 'ಅತ್ತೇ,' ಎಂದು ಶುರು ಮಾಡಿದೆ. ಆ ಗೀಟು ಎಳೆದ ಕೂಡಲೇ ನೆನಪಾದಳು ಆಯಿ, ಅಪ್ಪನ ಅವ್ವ.

ಹೇಳುವವಳು ಆಯಿ, ಬರೆಯುವವಳು ನಾನು

ಮುದ್ದೇಬಿಹಾಳ ತಾಲೂಕಿನ ನಮ್ಮೂರಿನಲ್ಲಿ ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಕಾರ್ಡಿಗೆ 15 ಪೈಸೆ. ಪೋಸ್ಟೆಂದರೆ ಪೋಸ್ಟ ಮಾಸ್ತರರ ಪಡಸಾಲೆಯಲ್ಲಿನ ಒಂದು ಟೇಬಲ್ಲು, ಒಂದು ಕಬ್ಬಿಣದ ಪೆಟ್ಟಿಗೆ, ಗೋಡೆಗೆ ಜೋತು ಬಿದ್ದ ಒಂದು ಕೆಂಪು ಡಬ್ಬಿ. ಟಪಾಲಿನ ಚೀಲ ಮುಂಜಾನೆಯ ಬಸ್ಸಿಗೆ ಬರುತ್ತಿತ್ತು. ನಮ್ಮ ಓಣಿಯ ಹೆಣ್ಣುಮಕ್ಕಳಲ್ಲಿ ಓದು ಬರೆಹ ಬಲ್ಲವರು ಕಡಿಮೆ, ದುಡಿಯಲಿಕ್ಕೆ ಹೋದ ಗಂಡಸರು ಜಾಸ್ತಿ. ಗೋವಾ, ರತ್ನಾಗಿರಿ, ಮಂಗಳೂರು. ಮಳೆ ಕೈಕೊಟ್ಟ ವರ್ಷ ಮುಂಜಾನೆ ಬಂದ ಬಸ್ಸು ಟಪಾಲು ಇಳಿಸಿ ಗಂಡಸರನ್ನು ಹೇರಿಕೊಂಡು ಹೋಗುತ್ತಿತ್ತು. ಹಾಗಾಗಿ ಅಕ್ಷರ ದುಂಡಗಿದ್ದ ನನ್ನಂಥ ಹುಡುಗಿಯರಿಗೆ ಭಾರೀ ಬೆಲೆ. ಒಂದು ಕಾಗದ ಬರೆದರೆ ಒಂದು ಹಿಡಿ ಶೇಂಗಾ ಅಥವಾ ಒಂದು ಬೆಲ್ಲದ ಹೆಂಟೆ. ಓದಿ ಹೇಳುವುದಕ್ಕೆ ಮಾತ್ರ ಏನೂ ಇಲ್ಲ, ಅದು ಪುಣ್ಯದ ಕೆಲಸವಂತೆ.

ಈ ಬರವಣಿಗೆಯಲ್ಲಿ ಒಂದು ಮೋಜು ಇತ್ತು. ಅವರು ಹೇಳುತ್ತಿದ್ದದ್ದು ನಮ್ಮ ಮಾತಿನಲ್ಲಿ, ನಾನು ಬರೆಯಬೇಕಾದದ್ದು ಪುಸ್ತಕದ ಮಾತಿನಲ್ಲಿ. ಆಯಿ "ಎಮ್ಮಿ ಈದೈತಿ, ಹೆಣ್ಗರ" ಎಂದರೆ ನಾನು "ನಮ್ಮ ಎಮ್ಮೆಯು ಹೆಣ್ಣು ಕರುವಿಗೆ ಜನ್ಮ ನೀಡಿರುತ್ತದೆ" ಎಂದು ಬರೆಯುತ್ತಿದ್ದೆ. ಹಾಗೆ ಬರೆಯದಿದ್ದರೆ ಅದು ಕಾಗದವೇ ಅಲ್ಲ ಎನ್ನುವುದು ಇಬ್ಬರಿಗೂ ಒಪ್ಪಿಗೆ. ಮೇಲೆ 'ಶ್ರೀ', ಬಲಕ್ಕೆ ಊರು, ತಾರೀಖು. "ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮ ಸಮಾಚಾರಕ್ಕೆ ಮೇಲಿಂದ ಮೇಲೆ ಪತ್ರ ಬರೆಯುತ್ತಿರಬೇಕು. ತರುವಾಯ ಪತ್ರ ಬರೆಯಲು ಕಾರಣವೇನೆಂದರೆ" ಎನ್ನುವವರೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಕೈ ತಾನೇ ಓಡುತ್ತಿತ್ತು. ಮನೆಯಲ್ಲಿ ಮೂರು ಮಂದಿ ಜ್ವರ ಹತ್ತಿ ಮಲಗಿದ್ದರೂ ಮೊದಲ ಸಾಲಿನಲ್ಲಿ ಎಲ್ಲರೂ ಕ್ಷೇಮ.

ಆ ವರ್ಷ ಹಿಂಗಾರಿ ಜೋಳ ತೆನೆ ಹಿಡಿಯುವ ಮೊದಲೇ ಒಣಗಿತ್ತು. ಕಾಕಾ ಗೋವಾದ ವಾಸ್ಕೋದಲ್ಲಿ ಗೌಂಡಿ ಕೆಲಸಕ್ಕಿದ್ದ. ದೀಪಾವಳಿಗೂ ಬಂದಿರಲಿಲ್ಲ. ಒಂದು ಸಂಜೆ ಆಯಿ ಕಂದೀಲಿನ ಮುಂದೆ ನನ್ನನ್ನು ಕೂಡ್ರಿಸಿ ಅಂತರ್ದೇಶಿ ಬಿಡಿಸಿಕೊಟ್ಟಳು. ಜೋಳದ ಸುದ್ದಿ ಆಯಿತು, ಎಮ್ಮೆಯ ಸುದ್ದಿ ಆಯಿತು, ಮುತ್ಯಾನ ಕೆಮ್ಮಿನ ಸುದ್ದಿ ಆಯಿತು, ಸೊಸೈಟಿ ಸಾಲದವರು ಬಂದು ಹೋದದ್ದೂ ಆಯಿತು. ಎಲ್ಲವೂ ನನ್ನ ಜನ್ಮ ನೀಡಿರುತ್ತದೆ, ಬಂದು ಹೋಗಿರುತ್ತಾರೆ ಭಾಷೆಯಲ್ಲಿ. ಆಮೇಲೆ ಆಯಿ ಬಹಳ ಹೊತ್ತು ಸುಮ್ಮನೆ ಕೂತಳು. ಕಂದೀಲಿನ ಬತ್ತಿ ಸ್ವಲ್ಪ ಇಳಿಸಿದಳು. "ಮನಸ ಹತ್ತವಲ್ದು, ಒಮ್ಮೆ ಬಂದ ಹೋಗ ಅಂತ ಬರಿ" ಎಂದಳು. ಇದನ್ನು ಪುಸ್ತಕದ ಭಾಷೆಗೆ ಹೊಂದಿಸುವುದು ನನಗೆ ಹೊಳೆಯಲಿಲ್ಲ. ಹೇಳಿದ ಹಾಗೇ ಬರೆದೆ. ಮನಸ ಹತ್ತವಲ್ದು ಒಮ್ಮೆ ಬಂದ ಹೋಗ.

"ಏನ ಬರದಿ, ಓದ ನೋಡೂನು."

ಓದಿದೆ. ತನ್ನ ಮಾತು ತನಗೇ ಕೇಳಿದಾಗ ಆಯಿಯ ಮುಖ ಬದಲಾಯಿತು. "ಬ್ಯಾಡವಾ. ಗೀಟ ಎಳದ ಬಿಡು. ಅಂವ ದುಡ್ಯಾಕ ಹ್ವಾದಂವ. ಬಸ್ ಚಾರ್ಜಿ ಎಲ್ಲಿಂದ ತರ್ತಾನ?" ಹೊಸ ಅಂತರ್ದೇಶಿಗೆ ಮತ್ತೆ ರೊಕ್ಕ ಎಲ್ಲಿ? ಸಾಲಿನ ಮೇಲೆ ಪಟ್ಟಿ ಇಟ್ಟು, ಗಣಿತದ ಮಾಸ್ತರರು ಮೆಚ್ಚುವ ಹಾಗೆ ನೆಟ್ಟಗೆ ಒಂದೇ ಗೀಟು ಎಳೆದೆ. ಕೆಳಗೆ 'ಇಂತು ನಿಮ್ಮ ಆಶೀರ್ವಾದಕ' ಎಂದು ಮುಗಿಸಿ, ಆಯಿಯ ಹೆಬ್ಬೆಟ್ಟಿಗೆ ಇಂಕು ಹಚ್ಚಿ ಒತ್ತಿಸಿದೆ. ಹೆಬ್ಬೆಟ್ಟು ಕಾನೂನಿಗೇನೂ ಬೇಕಿರಲಿಲ್ಲ, ಆಯಿಗೆ ಬೇಕಿತ್ತು.

ಹನ್ನೆರಡು ದಿನಕ್ಕೆ ಕಾಕಾ ಬಂದು ಹೊಸ್ತಿಲಲ್ಲಿ ನಿಂತ. ಕೈಯಲ್ಲಿ ಗೋಡಂಬಿಯ ಪೊಟ್ಟಣ. ಅಂಗಿಯ ಕಿಸೆಯಲ್ಲಿ ನಾಲ್ಕು ಮಡಿಕೆಯಾದ ನೀಲಿ ಕಾಗದ. ಆಯಿ ಅವನನ್ನು ಒಳಗೆ ಕರೆಯುವ ಮೊದಲೇ ಬೈಯಲಿಕ್ಕೆ ಹತ್ತಿದಳು, ಕೆಲಸ ಬಿಟ್ಟು ಯಾಕೆ ಬಂದೆ, ಯಾರು ಬಾ ಎಂದರು ಎಂದು. ಕಾಕಾ ಕಾಗದ ಬಿಡಿಸಿ ಕಂದೀಲಿಗೆ ಹಿಡಿದ. "ನೀನ ಕರದೀ ಅಲ್ಲಬೇ. ಕರದ ಮ್ಯಾಲ ಗೀಟ ಎಳಸೀದಿ. ಬರೇ ಕರದಿದ್ರ ಮುಂದಿನ ತಿಂಗಳ ಬರ್ತಿದ್ನಿ." ಆಯಿ ಅವನಿಗೆ ಏನೂ ಅನ್ನಲಿಲ್ಲ. ತಿರುಗಿ ನನ್ನನ್ನು ನೋಡಿ ಬೈದಳು: "ಇಷ್ಟ ಶಾಲಿ ಕಲ್ತು ಒಂದ ಗೀಟ ಎಳಿಯಾಕ ಬರೂದಿಲ್ಲಲಾ ನಿನಗ!"

ಆ ಬೈಗುಳವನ್ನು ನಾನು ಎಷ್ಟೋ ವರ್ಷ ನಗೆಯ ಕಥೆಯಾಗಿ ಹೇಳಿದ್ದೇನೆ. ಈಗ ನನ್ನ ಫೋನಿನಲ್ಲಿ ಆಗಾಗ 'ಈ ಸಂದೇಶವನ್ನು ಅಳಿಸಲಾಗಿದೆ' ಎಂದು ಬರುತ್ತದಲ್ಲ, ಆಗೆಲ್ಲ ಆಯಿ ನೆನಪಾಗುತ್ತಾಳೆ. ಯಾರೋ ಏನನ್ನೋ ಹೇಳಹೊರಟು ಹಿಂದೆಗೆದಿದ್ದಾರೆ ಎನ್ನುವುದಷ್ಟೇ ಅಲ್ಲಿ ಉಳಿಯುತ್ತದೆ. ಆ ಮಾತು ಏನು, ಅದರ ಮೇಲೆ ಎಷ್ಟು ಜೋರಾಗಿ ಗೀಟು ಬಿತ್ತು, ಪೆನ್ನು ಎಲ್ಲಿ ತಡೆಯಿತು ಒಂದೂ ಇಲ್ಲ. ಕೈಬರಹದಲ್ಲಿ ಹಾಗಲ್ಲ. ಹೇಳಿದ್ದೂ ಇರುತ್ತದೆ, ಹೇಳಬಾರದಿತ್ತು ಅನ್ನಿಸಿದ್ದೂ ಅದರ ಮೇಲೇ ಇರುತ್ತದೆ. ಎರಡನ್ನೂ ಒಟ್ಟಿಗೆ ಓದಿದವನಿಗೆ ಮುಂಜಾನೆಯ ಬಸ್ಸು ಹತ್ತದೆ ಗತಿಯಿಲ್ಲ.

ಹಾಗೆಂದು ಟಪಾಲು ಯಾವಾಗಲೂ ಖುಷಿಯದೇ ತರುತ್ತಿತ್ತು ಎಂದುಕೊಳ್ಳಬೇಡಿ. ಮೂಲೆಗೆ ಅರಿಷಿಣ ಹಚ್ಚಿದ ಕಾರ್ಡು ಬಂದರೆ ಲಗ್ನವೋ ತೊಟ್ಟಿಲೋ. ಮೂಲೆ ಹರಿದ ಕಾರ್ಡು ಬಂದರೆ ಓದು ಬಾರದವರೂ ಓದಿದಂತೆಯೇ. ಪೋಸ್ಟಿನ ಕಾಕಾ ಅಂಥ ಕಾರ್ಡನ್ನು ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟು, ಚಪ್ಪಲಿ ಸಪ್ಪಳವಾಗದಂತೆ ಹೋಗುತ್ತಿದ್ದ. ಅದನ್ನು ಒಂದೇ ಸಲ ನಾನು ಓದಿ ಹೇಳಿದ್ದೇನೆ, ಎದುರು ಮನೆಯ ಅಕ್ಕನಿಗೆ. ಅದರ ಬಗ್ಗೆ ಬರೆಯಲಾರೆ.

ಒಳಗೆ ಏನೂ ಇಡಬಾರದು

ಅಂತರ್ದೇಶಿ ಹುಟ್ಟಿದ್ದು 1950ರ ಅಕ್ಟೋಬರ್ 2ಕ್ಕೆ. ಕಾರ್ಡಿಗೆ ಅದಕ್ಕಿಂತ ಎಷ್ಟೋ ವಯಸ್ಸು, 1879ರ ಜುಲೈ 1ಕ್ಕೆ ಕಾಲಾಣೆ ಬೆಲೆಯಲ್ಲಿ ಶುರುವಾದದ್ದು. ಅಂತರ್ದೇಶಿಯ ಮೇಲೆ, ಒಳಗೆ ಏನನ್ನೂ ಇಡಬಾರದು ಎಂದು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಅಚ್ಚು ಮಾಡಿರುತ್ತಾರೆ. ಪಾಕೀಟಿಗಿಂತ ಸೋವಿಯಲ್ಲವೇ, ಬರೀ ಮಾತಿಗೆ ಮಾತ್ರ ಆ ದರ. ಅತ್ತೆಗೆ ಇಂಗ್ಲಿಷೂ ಬರುವುದಿಲ್ಲ, ಹಿಂದಿಯೂ ಬರುವುದಿಲ್ಲ. ಅಥವಾ ಬಾರದ ಹಾಗೆ ಇದ್ದರು. ದಸರೆಗೆ ಅವರ ಅಂತರ್ದೇಶಿ ಬಂದರೆ ಒಳಮಡಿಕೆಯಲ್ಲಿ ಎರಡು ಎಳೆ ಬನ್ನಿ ಎಲೆ ಚಪ್ಪಟೆಯಾಗಿ ಅಂಟಿಕೊಂಡಿರುತ್ತಿದ್ದವು. ಬರವಣಿಗೆ ಒಂದೇ ಸಾಲು: ಬನ್ನಿ ತಗೊಂಡು ಬಂಗಾರದಂಗ ಇರೋಣ. ಉಳಿದ ಹಾಳೆಯೆಲ್ಲ ಖಾಲಿ. ಎಲೆಯ ಹಸಿರು ಕಾಗದಕ್ಕೆ ಇಳಿದು ಎಲೆಯದೇ ಆಕಾರದ ಕಂದು ಕಲೆ. ನನ್ನ ಹತ್ತಿರ ಇರುವ ಒಂದರಲ್ಲಿ ಎಲೆ ಪುಡಿಯಾಗಿ ಹೋಗಿದೆ, ಕಲೆ ಹಾಗೇ ಇದೆ. ಮೊನ್ನೆಯ ದಸರೆಗೆ ನನ್ನ ಫೋನಿಗೂ ಬಂಗಾರದ ಬನ್ನಿ ಬಂದವು, ಮಿನುಗುತ್ತಿದ್ದವು ಬೇರೆ. ಒಂದೇ ಚಿತ್ರ ಏಳು ಮಂದಿಯಿಂದ. ಕಳಿಸಿದವರ ಪ್ರೀತಿಯನ್ನು ನಾನು ಸಂಶಯಿಸುತ್ತಿಲ್ಲ. ಆದರೆ ಏಳರಲ್ಲಿ ಯಾವುದು ಯಾರದು ಎಂದು ಈಗ ಕೇಳಿದರೆ ಹೇಳಲಾರೆ.

ಸಂಕ್ರಾಂತಿಯ ಕಾಗದ ಮಾತ್ರ ಪಾಕೀಟಿನಲ್ಲೇ ಬರಬೇಕು, ಯಾಕೆಂದರೆ ಕುಸುರೆಳ್ಳು. ಗೊತ್ತಿಲ್ಲದವರಿಗೆ ಅದು ಬಣ್ಣದ ಸಕ್ಕರೆ ಕಾಳು. ಮಾಡಿದವರಿಗೆ ಅದು ಬೆರಳು ಸುಟ್ಟುಕೊಂಡ ರಾತ್ರಿಗಳು. ಕೆಂಡದ ಶೇಗಡಿಯ ಮೇಲೆ ಪರಾತ, ಅದರಲ್ಲಿ ಹಿಡಿ ಎಳ್ಳು, ಮೇಲೆ ಸಕ್ಕರೆಯ ಪಾಕ ಒಂದು ಚಮಚೆ, ಅದು ಆರುವವರೆಗೆ ಬೆರಳಿನಿಂದ ಆಡಿಸುತ್ತಲೇ ಇರಬೇಕು. ಮತ್ತೆ ಒಂದು ಚಮಚೆ. ಅವಸರ ಮಾಡಿದರೆ ಗಂಟಾಗುತ್ತದೆ, ಬೆಂಕಿ ಹೆಚ್ಚಾದರೆ ಕೆಂಪಗಾಗುತ್ತದೆ. ಪಾಕ ಸರಿಯಿದ್ದು, ಕೈ ಸರಿಯಿದ್ದು, ಮೂರು ನಾಲ್ಕು ದಿನ ಕೂತರೆ ಒಂದೊಂದು ಎಳ್ಳಿಗೂ ಸಣ್ಣ ಮುಳ್ಳು ಏಳುತ್ತವೆ. ಕುಸುರಿ ಎನ್ನುವ ಮಾತು ಸುಮ್ಮನೆ ಬಂದದ್ದಲ್ಲ.

ಅತ್ತೆ ಬಾಗಲಕೋಟೆಯಲ್ಲಿ ಜಂಪರು ಹೊಲಿಯುತ್ತಿದ್ದರು. ಗುಳೇದಗುಡ್ಡದ ಖಣ ಎಂದರೆ ಅವರ ಮನೆಯಲ್ಲಿ ಗುಪ್ಪೆಗಟ್ಟಲೆ. ಕತ್ತರಿಸಿ ಉಳಿದ ತುಂಡುಗಳನ್ನು ವರ್ಷವಿಡೀ ಒಂದು ತಗಡಿನ ಡಬ್ಬಿಯಲ್ಲಿ ಕೂಡಿಸಿ ಇಡುವರು. ಸಂಕ್ರಾಂತಿ ಹದಿನೈದು ದಿನ ಇದ್ದಾಗ ಡಬ್ಬಿ ಬರಿದಾಗುತ್ತಿತ್ತು. ಯಾರದೋ ಲಗ್ನದ ಕಾರ್ಡಿನ ಖಾಲಿ ಮಗ್ಗಲು ಹೊರಗೆ ಬರುವ ಹಾಗೆ ಮಡಚಿ, ಮೇಲೆ ಖಣದ ತುಂಡನ್ನು ಗಾಳಿಪಟದ ಹಾಗೆ ಕತ್ತರಿಸಿ, ಮೈದಾ ಕುದಿಸಿದ ಅಂಟಿನಿಂದ ಹಚ್ಚುವರು. ಗಾಳಿಪಟಕ್ಕೆ ಬಾಲ ಕೆಂಪು ದಾರದ್ದು. ಒಳಗೆ ಅದೇ ಖಣದ ಬೆರಳುದ್ದದ ಚೀಲ, ಅದರೊಳಗೆ ಕುಸುರೆಳ್ಳು. ಕಾರ್ಡು ತೆರೆದರೆ ಒಳಮೈಯಲ್ಲಿ ಯಾರದೋ ಚಿ. ಮತ್ತು ಯಾರದೋ ಚಿ. ಸೌ. ಕಾಂ. ಅವರ ಶುಭವಿವಾಹ, ಅದರ ಪಕ್ಕಕ್ಕೆ ಪೆನ್ಸಿಲಿನಲ್ಲಿ ಅತ್ತೆಯ ಅಕ್ಷರ: ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡ್ರಿ. ಅತ್ತೆಯ 'ಳ' ಯಾವಾಗಲೂ ಹೊಟ್ಟೆ ಉಬ್ಬಿಸಿಕೊಂಡಿರುತ್ತಿತ್ತು. ಇರುವೆಗೆ ಮಾತ್ರ ಈ ಗ್ರೀಟಿಂಗು ನಮಗಿಂತ ಮೊದಲು ತಲುಪುತ್ತಿತ್ತು. ಸಕ್ಕರೆಗೋ ಮೈದಾ ಅಂಟಿಗೋ, ಅಂತೂ ಪಾಕೀಟಿನ ಮೂಲೆಯಿಂದ ಎರಡು ಮೂರು ಇರುವೆ ಹೊರಗೆ ಬರದ ಸಂಕ್ರಾಂತಿ ನೆನಪಿಲ್ಲ.

ನಾವೂ ಮಾಡುತ್ತಿದ್ದೆವು. ಬೆಂಡೆಕಾಯಿ ಅಡ್ಡ ಕೊಯ್ದು ಬಣ್ಣದಲ್ಲಿ ಅದ್ದಿ ಒತ್ತಿದರೆ ಹೂವು. ದಾರವನ್ನು ಇಂಕಿನಲ್ಲಿ ನೆನೆಸಿ, ಮಡಚಿದ ಹಾಳೆಯೊಳಗೆ ಇಟ್ಟು, ಮೇಲೆ ಅಂಗೈ ಒತ್ತಿ ಎಳೆದರೆ ನವಿಲೋ ನಾಗರವೋ ಏನೋ ಒಂದು. ಹಳೆಯ ಬ್ರಷ್ಷನ್ನು ಬಣ್ಣದಲ್ಲಿ ಅದ್ದಿ ಬಾಚಣಿಕೆಗೆ ತಿಕ್ಕಿದರೆ ಎಲೆಯ ಸುತ್ತ ತುಂತುರು, ಅಂಗಿಗೂ ತುಂತುರು, ಬೆನ್ನಿಗೆ ಅವ್ವನ ಗುದ್ದು. ನಾನು ಅತ್ತೆಗೆ ಕಳಿಸಿದವುಗಳಲ್ಲಿ ಒಂದೂ ಚಂದ ಇರಲಿಲ್ಲ ಎಂದು ಈಗ ಧೈರ್ಯವಾಗಿ ಹೇಳಬಲ್ಲೆ, ಯಾಕೆಂದರೆ ಎಲ್ಲವೂ ಅತ್ತೆಯ ಟ್ರಂಕಿನಲ್ಲಿವೆ.

ಮುಳುಗಿದ ಓಣಿ

ಅತ್ತೆಯ ಮನೆ ಹಳೇ ಬಾಗಲಕೋಟೆಯ ಕೆಳಗಿನ ಓಣಿಯಲ್ಲಿತ್ತು. ವಿಳಾಸ ನನಗೆ ಬಾಯಿಪಾಠ: ಗುಡಿಯ ಹಿಂದೆ, ಬಾವಿಯ ಹತ್ತಿರ, ಮು. ಪೋ. ಬಾಗಲಕೋಟೆ, ಜಿ. ವಿಜಾಪುರ. ಕೊನೆಗೆ 587101. ಪಿನ್ ಕೋಡು ಬಂದದ್ದು 1972ರ ಆಗಸ್ಟ್ 15ಕ್ಕೆ. ವಿಜಯಪುರದ ಕಡೆಯವು 586, ಬಾಗಲಕೋಟೆಯ ಕಡೆಯವು 587. ಸರಕಾರ ಜಿಲ್ಲೆ ಒಡೆದು ಬಾಗಲಕೋಟೆಯನ್ನು ಬೇರೆ ಮಾಡಿದ್ದು 1997ರಲ್ಲಿ. ನಾನಂತೂ ಅದಕ್ಕೂ ಮೊದಲಿನಿಂದ ನಮ್ಮೂರಿನದು 586 ಎಂದೂ, ಅತ್ತೆಯದು 587 ಎಂದೂ ಬರೆಯುತ್ತಿದ್ದೆ. ಅಂಚೆಯವರಿಗೆ ನಾವು ಎರಡಾಗುವುದು ಮೊದಲೇ ಗೊತ್ತಿತ್ತೇನೋ ಎಂದು ಅಪ್ಪ ನಗುತ್ತಿದ್ದ.

ಆಲಮಟ್ಟಿಯ ಹಿನ್ನೀರು ಊರಿಗೆ ಬಂದ ಮೇಲೆ ಅತ್ತೆಯ ಓಣಿ ಹೋಯಿತು. ಜನ ನವನಗರಕ್ಕೆ ಹೋದರು. ಗುಡಿಯ ಹಿಂದೆ, ಬಾವಿಯ ಹತ್ತಿರ ಎನ್ನುವಲ್ಲಿ ಸೆಕ್ಟರ್ ನಂಬರು, ಪ್ಲಾಟ್ ನಂಬರು ಬಂದವು. ಬಾಗಲಕೋಟೆಯವರಿಗೆ ನಾನಿದನ್ನು ವಿವರಿಸಬೇಕಿಲ್ಲ. ಹೇಳಬೇಕಾದದ್ದು ಒಂದು ಪಾಕೀಟಿನ ಕಥೆ. ಅವರು ಮನೆ ಬದಲಿಸಿದ ವರ್ಷ ನಾನು ಹುಬ್ಬಳ್ಳಿಯಲ್ಲಿ ಓದುತ್ತಿದ್ದೆ. ಸಂಕ್ರಾಂತಿಗೆ ಎಂದಿನ ಹಾಗೆ ಹಳೆಯ ವಿಳಾಸಕ್ಕೇ ಗ್ರೀಟಿಂಗು ಹಾಕಿದೆ, ಕೈಗೆ ಆ ವಿಳಾಸವೇ ರೂಢಿ. ಅದು ತಲುಪಿತು. ಪೋಸ್ಟ್‌ಮನ್ ನನ್ನ ವಿಳಾಸದ ಮೇಲೆ ಕೆಂಪು ಇಂಕಿನಿಂದ ಒಂದು ಗೀಟು ಎಳೆದು ಮೇಲುಗಡೆ ಹೊಸ ಸೆಕ್ಟರ್ ನಂಬರು ಬರೆದಿದ್ದ. ಓಣಿ ನೀರಿಗೆ ಹೋದರೂ ಯಾರ ಮನೆ ಎಲ್ಲಿಗೆ ಹೋಯಿತು ಎನ್ನುವುದು ಅವನ ತಲೆಯಲ್ಲಿತ್ತು.

ನಾನು ಮುಂದಿನ ಸಲ ಹೋದಾಗ ಅತ್ತೆ ಟ್ರಂಕು ತೆಗೆದು ನನ್ನ ಬೆಂಡೆಕಾಯಿ ಹೂವುಗಳನ್ನು ಬದಿಗೆ ಸರಿಸಿ ಆ ಪಾಕೀಟು ತೋರಿಸಿದರು. ಬರೀ ಪಾಕೀಟು. ಒಳಗಿನ ಗ್ರೀಟಿಂಗು ಯಾವುದೋ ಮಗು ಹರಿದಿತ್ತಂತೆ. ಕೆಂಪು ಗೀಟಿನ ಕೆಳಗೆ ಬೆರಳಿಟ್ಟು, "ನಮ್ಮ ಮನಿ ಇಲ್ಲಿ ಐತಿ ನೋಡು" ಎಂದರು.

ಇಪ್ಪತ್ತು ಗ್ರಾಂ

ಈ ಸಂಕ್ರಾಂತಿಗೆ ಮಗಳ ಕೈಯಿಂದ ಅತ್ತೆಗೆ ಗ್ರೀಟಿಂಗು ಮಾಡಿಸುವ ಹುಕಿ ಬಂತು. ಆರನೆಯ ಕ್ಲಾಸಿನ ಹುಡುಗಿ, ಕೇಳಬೇಕೇ? ಮೊದಲು ಫೋನಿನಲ್ಲಿ ಎರಡು ನಿಮಿಷದಲ್ಲಿ ಒಂದು ಮಾಡಿ ತೋರಿಸಿದಳು. ನಿಜ ಹೇಳಬೇಕೆಂದರೆ ಚಂದ ಇತ್ತು. ಗಾಳಿಪಟ ತಾನೇ ಹಾರುತ್ತಿತ್ತು. ಇದನ್ನು ಪ್ರಿಂಟ್ ತೆಗೆಸೋಣ ಎಂದಳು. ಕೈಯಿಂದ ಮಾಡು ಎಂದೆ. ಯಾಕೆ ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಖಣದ ತುಂಡುಗಳಿದ್ದವು, ಅವನ್ನು ಮುಂದಿಟ್ಟೆ.

ಮೊದಲನೆಯದರಲ್ಲಿ ಅಂಟು ಹೆಚ್ಚಾಯಿತು, ಹರಿದು ಹಾಕಿದಳು. ಎರಡನೆಯದರಲ್ಲಿ ಗಾಳಿಪಟ ಮೂಲೆಗೆ ಸರಿಯಿತು, ಅದನ್ನೂ ಹರಿದಳು. ಮೂರನೆಯದರಲ್ಲಿ ಎಲ್ಲ ಸರಿಯಾಗಿ ಬಂದು, ಕೊನೆಗೆ 'ಸಂಕ್ರಾತಿ' ಎಂದು ಬರೆದು ಅಳುಮುಖ ಮಾಡಿದಳು. ಇದನ್ನು ಹರಿಯಬೇಡ, ಖಣ ಮುಗಿಯಿತು ಎಂದೆ. ಖಣ ಇನ್ನೂ ಇತ್ತು. ಅವಳು ಸಿಟ್ಟಿನಿಂದ ಗೀಟು ಎಳೆದು ಕೆಳಗೆ ಸರಿಯಾಗಿ ಬರೆದಳು. ಬರೆಯುವಾಗ ನಾಲಿಗೆ ತುದಿ ಹಲ್ಲಿನ ನಡುವೆ. ನಾನು ಬರೆಯುವಾಗಲೂ ಹಾಗೇ ಎಂದು ಅವ್ವ ಹೇಳುತ್ತಿದ್ದಳು.

ಪೋಸ್ಟಿನಲ್ಲಿ ಅದೇ ಹುಡುಗ. ಪಾಕೀಟನ್ನು ತಕ್ಕಡಿಗೆ ಇಟ್ಟ. 20 ಗ್ರಾಂವರೆಗೆ 5 ರೂಪಾಯಿ, ನಮ್ಮದು 26 ತೋರಿಸಿತು. "ಇನ್ನೊಂದ ಐದ ರೂಪಾಯಿ ಟಿಕೀಟ ಹಚ್ರಿ, ಇಲ್ಲಾ ಸ್ವಲ್ಪ ತಗೀರಿ" ಎಂದ. ನಾನು ಪರ್ಸಿಗೆ ಕೈ ಹಾಕುವುದರೊಳಗೆ ಮಗಳು ಪಾಕೀಟು ಬಿಚ್ಚಿ, ಖಣದ ಚೀಲದ ಬಾಯಿ ಸಡಿಲಿಸಿ, ಅಂಗೈಗೆ ಸುರುವಿಕೊಂಡಾಗಿತ್ತು. 24. ಮತ್ತೊಂದಿಷ್ಟು. 21. ಹಿಂದೆ ಪೆನ್ಶನ್ನಿಗೆ ನಿಂತಿದ್ದ ಅಜ್ಜ ಒಬ್ಬರು, "ಇನ್ನ ನಾಕ ಕಾಳ ತಗಿ ತಂಗಿ" ಎಂದರು. 20 ಬಂದಾಗ ಸಾಲಿನಲ್ಲಿದ್ದ ಐದಾರು ಮಂದಿಯ ಅಂಗೈಯಲ್ಲೂ ನಾಲ್ಕು ನಾಲ್ಕು ಕಾಳು ಕುಸುರೆಳ್ಳು. ಹುಡುಗನೂ ಬಾಯಿಗೆ ಹಾಕಿಕೊಂಡು, ಅದೇ ಕೈಯಿಂದ ಮುದ್ರೆ ಒತ್ತಿದ. ಮುದ್ರೆಯ ಪಕ್ಕದಲ್ಲಿ ಸಕ್ಕರೆಯ ಗುಲಾಬಿ ಬಣ್ಣ ಒಂದಿಷ್ಟು ಹತ್ತಿತು.

ಒಂಬತ್ತನೆಯ ದಿನ ಅತ್ತೆಯ ಕಾರ್ಡು ಬಂತು. 'ಳ' ಈಗಲೂ ಹೊಟ್ಟೆ ಉಬ್ಬಿಸಿಕೊಂಡೇ ಇದೆ, ಗೆರೆ ಮಾತ್ರ ಸ್ವಲ್ಪ ನಡುಗುತ್ತದೆ. ಕುಸುರೆಳ್ಳು ಮುಟ್ಟಿತು, ಹುಡುಗಿ ಅಕ್ಷರ ನಿನ್ನಂಗ ಐತಿ, ಮೊಳಕಾಲು ಬ್ಯಾನಿ ಐತಿ ಆದರ ಅಡ್ಡಾಡ್ತೀನಿ. ಇದು ಮೂರು ಸಾಲು. ನಾಲ್ಕನೆಯ ಸಾಲಿಗೆ ಗೀಟು. ಒಂದಲ್ಲ, ಮೇಲಿಂದ ಮೇಲೆ, ಅಡ್ಡ, ಉದ್ದ, ಸುರುಳಿ, ಕಾರ್ಡು ಹರಿಯುವಷ್ಟು ಒತ್ತಿ. ಆಯಿ ನನಗೆ ಕಲಿಸಬೇಕೆಂದಿದ್ದ ಗೀಟು ಬಹುಶಃ ಇದೇ. ಮಗಳು ಕಿಟಕಿಯ ಬಿಸಿಲಿಗೆ ಹಿಡಿದಳು, ನಾನು ಟ್ಯೂಬ್‌ಲೈಟಿಗೆ ಹಿಡಿದೆ. ಹಿಂಬದಿಯಿಂದ ಬೆರಳಾಡಿಸಿ ನೋಡಿದೆವು. ಮೊದಲನೆಯದು 'ಮ' ಇರಬಹುದು ಎಂದು ನಾನು, 'ಯಾ' ಇರಬಹುದು ಎಂದು ಅವಳು. ಫೋನ್ ಹಚ್ಚಿ ಕೇಳುವ ಹಾಗಿಲ್ಲ, ಅತ್ತೆಗೆ ಕೇಳುವುದಿಲ್ಲ.

ರವಿವಾರ ಮುಂಜಾನೆ ಬಾಗಲಕೋಟೆಗೆ ಏಳೂವರೆಗೆ ಒಂದು ಬಸ್ಸಿದೆಯಂತೆ.